ಮುನಿದ ವೀರನೂ ಮುದುಕ ದೊರೆಯೂ ಕ್ವೀನ್ಸ್‌ಬರಿಯಲ್ಲಿ

ಸಿಟ್ಟು ಬಂದರೆ ನಾನು ಮೊದಲು ಬಿಡುವುದು ಊಟ. ಮಾತು ಆಮೇಲೆ. ಇದು ನನ್ನ ಸ್ವಂತ ಕಲಿಕೆಯಲ್ಲ, ಅಪ್ಪನ ಅಕ್ಕನಿಂದ, ಅಂದರೆ ನಮ್ಮ ದೊಡ್ಡತ್ತೆಯಿಂದ ಬಂದದ್ದು. ದೊಡ್ಡತ್ತೆ ಮುನಿಸಿಕೊಂಡರೆ ಅದಕ್ಕೊಂದು ಕ್ರಮವಿತ್ತು. ಮೊದಲು ತಲೆನೋವು ಎಂದು ಹೇಳುವುದು, ಆಮೇಲೆ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖಮಾಡಿ ಮಲಗುವುದು. ಯಾರಾದರೂ ತಟ್ಟೆ ಹಿಡಿದು ಕರೆಯಲು ಹೋದರೆ "ಹಸಿವಿಲ್ಲೆ" ಎನ್ನುವುದು. ಮತ್ತೊಬ್ಬರು ಹೋದರೂ ಅದೇ. ಕೊನೆಗೆ ಯಾರು ತಪ್ಪು ಮಾಡಿದ್ದರೋ ಅವರೇ ಹೋಗಬೇಕು. ಅವರು ಹೋಗಿ ಏನೂ ಹೇಳಬೇಕಾಗಿಲ್ಲ, ಬಾಗಿಲಲ್ಲಿ ನಿಂತರೆ ಸಾಕು. ದೊಡ್ಡತ್ತೆ ಎದ್ದು ಸೆರಗು ಸರಿಮಾಡಿಕೊಂಡು ಬಂದು, ಎಲ್ಲರಿಗಿಂತ ಒಂದು ಹಿಡಿ ಜಾಸ್ತಿಯೇ ಉಣ್ಣುತ್ತಿದ್ದರು.

ಮದುವೆಯಾಗಿ ಲಂಡನ್ನಿಗೆ ಬಂದ ಹೊಸತರಲ್ಲಿ ಈ ವಿದ್ಯೆಯನ್ನು ಒಮ್ಮೆ ಪ್ರಯೋಗಿಸಿದೆ. ಕಾರಣ ಏನೆಂದು ಈಗ ನೆನಪಿಲ್ಲ, ಆದರೆ ತಪ್ಪು ಯಜಮಾನರದೇ ಎಂಬುದು ಖಚಿತವಾಗಿ ನೆನಪಿದೆ. ಅವರು ಮೈಸೂರಿನವರು. ಮುನಿಸಿಗೆ ಮುನಿದವರಿಗಿಂತ ಕರೆಯುವವರು ಮುಖ್ಯ ಎಂಬುದು ಅವರಿಗೆ ತಿಳಿದಿರಲಿಲ್ಲ. ನಾನು "ಹಸಿವಿಲ್ಲ" ಎಂದೆ. ಅವರು "ಸರಿ" ಎಂದು ನನ್ನ ಪಾಲಿನ ಅನ್ನ ಸಾರನ್ನು ಫ್ರಿಜ್ಜಿನಲ್ಲಿಟ್ಟು ಟಿವಿಯಲ್ಲಿ ಸುದ್ದಿ ನೋಡಲು ಕೂತರು. ಎರಡು ಕೋಣೆಯ ಫ್ಲಾಟಿನಲ್ಲಿ, ಒಬ್ಬನೇ ಪ್ರೇಕ್ಷಕನೆದುರು, ಅವನೂ ಬೆನ್ನು ತಿರುಗಿಸಿರುವಾಗ, ಎಷ್ಟು ಹೊತ್ತು ಮುನಿಯಬಹುದು? ನಾನೇ ಎದ್ದು ತಣ್ಣಗಿನ ಸಾರು ಉಂಡೆ.

ಈ ಅನುಭವ ವ್ಯರ್ಥವಾಗಲಿಲ್ಲ. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅಕ್ಸ್‌ಬ್ರಿಡ್ಜಿನಲ್ಲಿ ಒಂದು ಸಂಜೆ ತರಗತಿಗೆ ಸೇರಿದೆ. ವಿಷಯ, ಪ್ರಾಚೀನ ಗ್ರೀಕರ ಕಾವ್ಯ ಮತ್ತು ನಾಟಕ. ಊರಿನಲ್ಲಿ ಎಂ.ಎ. ಮಾಡಿ ಇಲ್ಲಿ ದೋಸೆ ಹಿಟ್ಟು ರುಬ್ಬುತ್ತಿದ್ದೇನೆ ಎಂಬ ಸಂಕಟಕ್ಕೆ ಒಂದು ಔಷಧಿ. ಪಾಠ ಮಾಡುತ್ತಿದ್ದವರು ನಿವೃತ್ತರಾದ ಒಬ್ಬ ಮೇಡಂ. ಅವರು ಮೊದಲ ದಿನವೇ ಹೇಳಿದ ಕಥೆ: ಹತ್ತು ವರ್ಷದ ಯುದ್ಧ, ಕಡಲ ದಂಡೆಯಲ್ಲಿ ಬೀಡುಬಿಟ್ಟ ಸೈನ್ಯ. ಆ ಸೈನ್ಯದ ಅತಿ ದೊಡ್ಡ ವೀರನಿಗೆ ಸೇನಾಪತಿ ಎಲ್ಲರೆದುರು ಅವಮಾನ ಮಾಡುತ್ತಾನೆ. ವೀರ ತನ್ನ ಡೇರೆಗೆ ಹೋಗಿ ಕೂರುತ್ತಾನೆ. ತನ್ನವರು ದಿನವೂ ಸಾಯುತ್ತಿದ್ದರೂ ಹೊರಗೆ ಬರುವುದಿಲ್ಲ. ದೊಡ್ಡವರು ಬಂದು ಕರೆಯುತ್ತಾರೆ, ಉಡುಗೊರೆ ಕೊಡುತ್ತೇವೆ ಎನ್ನುತ್ತಾರೆ, ಅವನು ಒಲ್ಲೆ ಎನ್ನುತ್ತಾನೆ.

ತರಗತಿಯಲ್ಲಿದ್ದ ಇಂಗ್ಲಿಷರಿಗೆ ಇದು ಅರ್ಥವೇ ಆಗಲಿಲ್ಲ. ಅಷ್ಟು ದೊಡ್ಡ ಯೋಧ ಮಕ್ಕಳ ಹಾಗೆ ಮೂತಿ ಊದಿಸಿಕೊಂಡು ಕೂರುವುದೇ ಎಂದು ಒಬ್ಬರು ನಕ್ಕರು. ನಾನು ಕೈಯೆತ್ತಿ, ಕರೆಯಲು ಬಂದವರಲ್ಲಿ ತಪ್ಪು ಮಾಡಿದವನಿದ್ದನೇ ಎಂದು ಕೇಳಿದೆ. ಇರಲಿಲ್ಲ ಎಂದರು ಮೇಡಂ, ಸೇನಾಪತಿ ಬೇರೆಯವರನ್ನು ಕಳಿಸಿದ್ದ. "ಹಾಗಾದರೆ ಅವನು ಹೇಗೆ ಬರುತ್ತಾನೆ?" ಎಂದು ನಾನು ದೊಡ್ಡತ್ತೆಯ ಕ್ರಮವನ್ನು ವಿವರಿಸಿದೆ. ಮೇಡಂ ಕನ್ನಡಕ ತೆಗೆದು, ನಿಮ್ಮ ಅತ್ತೆಯ ಬಗ್ಗೆ ಇನ್ನಷ್ಟು ಹೇಳಿ ಎಂದರು. ವಿಶ್ವವಿದ್ಯಾಲಯದ ಎಂ.ಎ.ಯಲ್ಲಿ ನನಗೆ ಯಾರೂ ಹಾಗೆ ಕೇಳಿರಲಿಲ್ಲ.

ಗ್ರೀಕರ ಕಥೆಗಳನ್ನು ಓದುತ್ತಾ ಹೋದಂತೆ ನನಗೆ ಒಂದು ವಿಷಯ ಹೊಳೆಯಿತು. ಆ ಜನಕ್ಕೆ ಜೀವಕ್ಕಿಂತ ಹೆಣದ ಚಿಂತೆ ದೊಡ್ಡದು. ಒಬ್ಬಳು ರಾಜನ ಅಪ್ಪಣೆ ಮೀರಿ ಅಣ್ಣನ ಹೆಣದ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಅದಕ್ಕಾಗಿ ತಾನೇ ಸಾಯುತ್ತಾಳೆ. ಗಂಡನ ಮೇಲೆ ಹಗೆ ತೀರಿಸಿಕೊಂಡ ಹೆಂಡತಿ, ಅವಳ ಮೇಲೆ ಹಗೆ ತೀರಿಸಿಕೊಂಡ ಮಗ, ಹೀಗೆ ಒಂದು ಮನೆತನ ಹಗೆಯಲ್ಲೇ ಮುಗಿಯುತ್ತದೆ. ಆದರೆ ನನಗೆ ಹಿಡಿಸಿದ್ದು ಆ ಡೇರೆಯ ವೀರನ ಕಥೆಯ ಕೊನೆಯೇ. ಅವನ ಜೀವದ ಗೆಳೆಯನನ್ನು ಶತ್ರು ರಾಜಕುಮಾರ ಕೊಲ್ಲುತ್ತಾನೆ. ವೀರ ಆಗ ಎದ್ದು, ಆ ರಾಜಕುಮಾರನನ್ನು ಕೊಂದು, ಹೆಣವನ್ನು ರಥಕ್ಕೆ ಕಟ್ಟಿ ಎಳೆಯುತ್ತಾನೆ. ಸುಡಲೂ ಬಿಡುವುದಿಲ್ಲ. ಕೊನೆಗೆ ಸತ್ತವನ ಮುದಿ ತಂದೆ, ಆ ಕೋಟೆಯ ದೊರೆ, ಶತ್ರುವಿನ ಡೇರೆಗೆ ತಾನೇ ಬಂದು, ಮಗನನ್ನು ಕೊಂದ ಕೈಗೆ ಮುತ್ತಿಟ್ಟು ಹೆಣ ಬೇಡುತ್ತಾನೆ.

ಈ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತಾ ತಿರುಗಿದೆ. ಕೇಳಿಸಿಕೊಂಡವರಲ್ಲಿ ಒಬ್ಬರು ಭಾಗವತರು. ವಾರವಿಡೀ ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನಲ್ಲಿ ಟೈ ಕಟ್ಟಿಕೊಂಡು ಕೂರುವ ಉಪಾಧ್ಯರು ಭಾನುವಾರ ಬಂತೆಂದರೆ ಜಾಗಟೆ ಹಿಡಿದು ಭಾಗವತರಾಗುತ್ತಿದ್ದರು. ಕ್ವೀನ್ಸ್‌ಬರಿಯ ಒಂದು ಶಾಲೆಯ ಹಾಲಿನಲ್ಲಿ ನಮ್ಮ ಕುಂದಾಪುರ, ಉಡುಪಿ ಕಡೆಯವರ ತಾಳಮದ್ದಳೆ ಕೂಟ ಸೇರುತ್ತಿತ್ತು. ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು: ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಕುರ್ಚಿಯಲ್ಲಿ ಕೂತ ಅರ್ಥಧಾರಿಗಳು ತಾವೇ ಆ ಪಾತ್ರವಾಗಿ, ಬರೆದಿಟ್ಟುಕೊಳ್ಳದೆ, ಆ ಪದ್ಯಕ್ಕೆ ಅರ್ಥ ಹೇಳುತ್ತಾ ಎದುರಿನವನೊಡನೆ ವಾದಿಸುತ್ತಾರೆ. ಕಥೆಯ ಕೊನೆ ಎಲ್ಲರಿಗೂ ಗೊತ್ತಿರುತ್ತದೆ. ಅಲ್ಲಿಗೆ ಹೇಗೆ ಹೋಗಿ ಮುಟ್ಟುತ್ತಾರೆ ಎಂಬುದಷ್ಟೇ ಕುತೂಹಲ.

ಊರಿನ ಪ್ರಸಂಗಗಳನ್ನೇ ತಿರುಗಿಸಿ ತಿರುಗಿಸಿ ಎಲ್ಲರಿಗೂ ಬೇಸರವಾಗಿದ್ದ ಕಾಲ ಅದು. ಉಪಾಧ್ಯರು, ನಿಮ್ಮ ಗ್ರೀಕರನ್ನು ಒಮ್ಮೆ ಕೂರಿಸಿಯೇ ಬಿಡೋಣ ಎಂದರು. ನಾನು ಕಥೆ ಬರೆದುಕೊಟ್ಟೆ, ಅವರು ಟ್ಯೂಬ್ ರೈಲಿನಲ್ಲಿ ಹೋಗುತ್ತಾ ಬರುತ್ತಾ ಪದ್ಯ ಕಟ್ಟಿದರು. ಗ್ರೀಕ್ ಹೆಸರುಗಳು ಯಾವ ತಾಳಕ್ಕೂ ಕೂರಲಿಲ್ಲ. ಹಾಗಾಗಿ ಮುನಿದ ವೀರ, ಮುದುಕ ದೊರೆ ಎಂದೇ ಇಟ್ಟೆವು.

ಮುನಿದ ವೀರ ಯಾರು ಎಂಬುದರಲ್ಲಿ ಚರ್ಚೆಯೇ ಇರಲಿಲ್ಲ. ಐತಾಳರು. ಹಾಲಿನಿಂದ ಸ್ವಲ್ಪ ದೂರದಲ್ಲಿ ಅವರದೊಂದು ಉಡುಪಿ ಹೋಟೆಲಿತ್ತು. ವಾದದಲ್ಲಿ ಅವರನ್ನು ಸೋಲಿಸಿದವರು ಥೇಮ್ಸಿನ ಎರಡೂ ದಡಗಳಲ್ಲಿ ಇರಲಿಲ್ಲ. ಗಿರಾಕಿ ಇಡ್ಲಿ ಗಟ್ಟಿಯಾಗಿದೆ ಎಂದರೆ, ಇಡ್ಲಿ ಏಕೆ ಗಟ್ಟಿಯಾಗಿರಬೇಕು ಎಂದು ಆ ಗಿರಾಕಿಯ ಬಾಯಿಂದಲೇ ಹೇಳಿಸಿ ಕಳಿಸುತ್ತಿದ್ದರು.

ಆ ಹೋಟೆಲಿನ ಅಡುಗೆಯವರು ಹೊಳ್ಳರು. ಐತಾಳರ ಹೆಂಡತಿ ಸರಸಕ್ಕನ ಅಣ್ಣ. ಈ ಇಬ್ಬರಿಗೂ ಮಾತಿರಲಿಲ್ಲ. ಒಂದೇ ಹೋಟೆಲಿನಲ್ಲಿ, ಅಡುಗೆಮನೆಗೂ ಕೌಂಟರಿಗೂ ನಡುವೆ ಒಂದು ಸಣ್ಣ ಕಿಂಡಿ ಮಾತ್ರ ಇರುವಾಗ, ಮಾತಿಲ್ಲದೆ ಇರುವುದು ಸುಲಭವಲ್ಲ. ಐತಾಳರು ಕಿಂಡಿಯ ಕಡೆ ತಿರುಗದೆ, ಗೋಡೆಯ ಕ್ಯಾಲೆಂಡರಿಗೆ ಹೇಳುತ್ತಿದ್ದರು:

"ಯಾರಿಗಾರೂ ಕೇಂಡ್ರೆ, ಎರಡ್ ಮಸಾಲೆ."

ಒಳಗಿನಿಂದ ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬರುತ್ತಿತ್ತು:

"ಯಾರೋ ಎಂತದೋ ಹೇಳ್ದಂಗಾಯ್ತ್. ಎರಡ್ ಮಸಾಲೆ ಇಲ್ಲಿತ್ತ್."

ಗಿರಾಕಿಗಳಾದ ನಮಗೆ ಇದು ಶನಿವಾರದ ತಮಾಷೆ. ಆದರೆ ಕಾರಣ ತಮಾಷೆಯದಲ್ಲ, ಅದೂ ನಮಗೆಲ್ಲ ಗೊತ್ತಿತ್ತು. ಸರಸಕ್ಕ ಕಾಯಿಲೆಯಾಗಿ ತೀರಿಕೊಂಡಿದ್ದರು. ಇಲ್ಲಿಯೇ ದಹನವಾಯಿತು. ಅಸ್ಥಿಯನ್ನು ಊರಿಗೆ ಒಯ್ದು ಗಂಗೊಳ್ಳಿಯ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವಲ್ಲಿ ಬಿಡಬೇಕು ಎಂಬುದು ಸರಸಕ್ಕನ ತಾಯಿಯ ಆಸೆ. ಅದಾಗದೆ ತಾನು ಕಣ್ಣು ಮುಚ್ಚುವುದಿಲ್ಲ ಎಂದು ಆಕೆ ಫೋನಿನಲ್ಲಿ ಹೇಳಿದ್ದರಂತೆ. ಆಗ ಹೊಳ್ಳರು ನೆಂಟರೆಲ್ಲರ ಎದುರು, "ನಿಮ್ಗೆ ಹೋಟ್ಲ್ ಬಿಟ್ಟ್ ಹೋಪುಕೆ ಈ ಜನ್ಮದಲ್ಲಿ ಪುರ್ಸೊತ್ತ್ ಆತಿಲ್ಲೆ, ನಂಗೆ ಕೊಡಿ" ಎಂದುಬಿಟ್ಟರು. ಐತಾಳರು, ನನ್ನ ಹೆಂಡತಿಯನ್ನು ಒಯ್ಯುವುದು ಹೇಗೆಂದು ನನಗೆ ಹೇಳಿಕೊಡಲು ಇವರು ಯಾರು ಎಂದರು. ಮುಗಿಯಿತು. ಮತ್ತೆ ವರ್ಷಗಳು ಕಳೆದವು. ಐತಾಳರಿಗೆ ನಿಜವಾಗಿಯೂ ಪುರುಸೊತ್ತಾಗಲಿಲ್ಲ. ಈಗ ಕೊಟ್ಟರೆ ಹೊಳ್ಳರು ಅಂದು ಹೇಳಿದ್ದೇ ಸರಿ ಎಂದಾಗುತ್ತದೆ. ಕೇಳಿದರೆ ಹೊಳ್ಳರು ತಲೆಬಾಗಿದಂತಾಗುತ್ತದೆ. ಅಸ್ಥಿಯ ಡಬ್ಬ ಹೋಟೆಲಿನ ಮೇಲಿನ ಕೋಣೆಯಲ್ಲಿ ಸರಸಕ್ಕನ ಫೋಟೋದ ಕೆಳಗೆ ಇತ್ತು, ದಿನವೂ ಐತಾಳರೇ ಅಲ್ಲಿ ದೀಪ ಹಚ್ಚುತ್ತಿದ್ದರು. ಊರಿನಲ್ಲಿ ಮುದುಕಿ ಪ್ರತಿ ಫೋನಿನಲ್ಲೂ ಮಗನನ್ನು ಅದೊಂದನ್ನೇ ಕೇಳುತ್ತಿದ್ದರು.

ಇದೆಲ್ಲ ಗೊತ್ತಿದ್ದೂ ಆ ಪ್ರಸಂಗವನ್ನು ನಾನು ಯಾಕೆ ಆರಿಸಿದೆ ಎಂದು ಈಗ ಕೆಲವರು ಕೇಳುತ್ತಾರೆ. ಬೇಕೆಂದೇ ಎಂದು ಹೇಳಿದರೆ ನನ್ನ ಬುದ್ಧಿವಂತಿಕೆಗೆ ಶೋಭೆ. ಆದರೆ ಆಗಿನ ನನ್ನ ಡೈರಿಯಲ್ಲಿ ಅಂಥದ್ದೇನೂ ಇಲ್ಲ. ಡೈರಿಯಲ್ಲಿರುವುದೇ ನಿಜ ಎಂದೂ ನಾನು ಹೇಳುವುದಿಲ್ಲ, ಅದನ್ನು ಬರೆದವಳೂ ನಾನೇ ತಾನೆ. ಇಷ್ಟು ಮಾತ್ರ ಖಂಡಿತ: ಮುದುಕ ದೊರೆಯ ಅರ್ಥ ಹೇಳಬೇಕಾಗಿದ್ದವರು ಹೊಳ್ಳರಲ್ಲ, ಕ್ರಾಯ್ಡನ್ನಿನಲ್ಲಿದ್ದ ಒಬ್ಬ ಮೇಷ್ಟ್ರು. ಆ ಭಾನುವಾರ ಹಳಿ ರಿಪೇರಿಗೆಂದು ಟ್ಯೂಬ್ ನಿಲ್ಲಿಸಿದ್ದರು. ಮೇಷ್ಟ್ರು ಅರ್ಧದಲ್ಲಿ ಸಿಕ್ಕಿಕೊಂಡು, ಬರುವುದಾಗುವುದಿಲ್ಲ ಎಂದು ಫೋನ್ ಮಾಡಿದರು.

ಹೊಳ್ಳರು ಹಾಲಿಗೆ ಬಂದದ್ದು ಉಪ್ಪಿಟ್ಟಿನ ಪಾತ್ರೆ ಇಳಿಸಲು. ಊರಿನಲ್ಲಿದ್ದಾಗ ಅವರೂ ಹೆಸರುವಾಸಿ ಅರ್ಥಧಾರಿ. ತಂಗಿ ಹೋದ ಮೇಲೆ ಬಿಟ್ಟಿದ್ದರು. ಉಪಾಧ್ಯರು ಅವರನ್ನು ನೋಡಿದ್ದೇ ತಡ, ಖಾಲಿ ಕುರ್ಚಿ ತೋರಿಸಿದರು.

"ಬನ್ನಿ ಹೊಳ್ಳರೆ, ಕೂಕಣಿ. ಮುದುಕ ದೊರೆ. ಬೇಡುದೊಂದೇ ಕೆಲಸ."

"ಬೇಡೂಕೇ ಬತ್ತಿಲ್ಲೆ ನಂಗೆ" ಎಂದರು ಹೊಳ್ಳರು. ಆದರೂ ಕೈ ತೊಳೆದುಕೊಂಡು ಬಂದು ಕೂತರು. ಕೂಟದಲ್ಲಿ ಭಾಗವತರ ಮಾತನ್ನು ಮೀರುವ ಕ್ರಮವಿಲ್ಲ. ಯಾರು ಯಾವ ಪಾತ್ರ ಎಂದು ಅವರು ಹೇಳಿದರೆ ಮುಗಿಯಿತು. ಹಾಲಿನ ಬಾಡಿಗೆ ಕಟ್ಟುವ ಐತಾಳರಿಗೂ ಅದೇ ನಿಯಮ. ಅವರು ಶಾಲು ಸರಿಮಾಡಿಕೊಂಡು ಮುಂದೆ ನೋಡುತ್ತಾ ಕೂತರು. ಹಾಲಿನಲ್ಲಿ ಒಂದು ಸಣ್ಣ ಗುಸುಗುಸು ಎದ್ದು ಅಡಗಿತು. ನಾನು ಯಜಮಾನರ ಕೈ ಹಿಡಿದುಕೊಂಡೆ. ಅವರು, ಏನಾಯ್ತು, ಚಳಿಯೇ ಎಂದು ಕೇಳಿದರು.

ಮೊದಲ ಅರ್ಧ ಗಂಟೆ ಸರಾಗವಾಗಿ ಹೋಯಿತು. ದೊರೆ ಡೇರೆಗೆ ಬಂದ. ಹೊಳ್ಳರು ತಾವು ವರ್ಷಗಟ್ಟಲೆ ಒಂದು ಮಾತೂ ಆಡದ ಮನುಷ್ಯನಿಗೆ, ತಿಳಿಗನ್ನಡದಲ್ಲಿ, "ವೀರನೇ, ಮಗನ ದೇಹವನ್ನು ಬೇಡಲು ಬಂದಿದ್ದೇನೆ, ಅದು ನನ್ನದು" ಎಂದರು.

"ನಿನ್ನದು ಹೇಗಾಯಿತು?" ಎಂದರು ಐತಾಳರು. "ಬದುಕಿದ್ದಾಗ ಅವನು ತನ್ನ ನಗರಕ್ಕೆ ಸೇರಿದವನು. ಬಿದ್ದ ಮೇಲೆ ಗೆದ್ದವನಿಗೆ. ನಡುವೆ ನೀನು ಯಾವಾಗ ಬಂದೆ, ದೊರೆಯೇ?"

ಸತ್ತವರ ಮೇಲೆ ಹಗೆ ಸಾಧಿಸಬಾರದು ಎಂದರು ಹೊಳ್ಳರು. ಹಗೆ ನನಗಿರುವುದು ಬದುಕಿರುವವರ ಮೇಲೆ ಎಂದರು ಐತಾಳರು. ದೇವರು ಮೆಚ್ಚುವುದಿಲ್ಲ ಎಂದರೆ, ದೇವರು ಯುದ್ಧ ನಿಲ್ಲಿಸಬಹುದಿತ್ತಲ್ಲ ಎಂದರು. ಒಂದೊಂದು ಮಾತನ್ನೂ ಅವರು ಬಾಳೆಎಲೆಯ ಮೇಲಿನ ನೀರಿನಂತೆ ಜಾರಿಸಿ ಹಾಕುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದಷ್ಟೂ ಐತಾಳರ ಬೆನ್ನು ನೆಟ್ಟಗಾಯಿತು. ಕೊನೆಗೆ ಅವರು ಎತ್ತಿದ ಪ್ರಶ್ನೆ ನನಗೆ ಇವತ್ತಿಗೂ ಬಾಯಿಪಾಠ:

"ದೊರೆಯೇ, ನಿನ್ನ ಮಗ ಆ ದೇಹದಲ್ಲಿ ಇದ್ದಾನೋ, ಇಲ್ಲವೋ? ಇಲ್ಲವೆಂದಾದರೆ ಅದು ಬರಿಯ ಮಣ್ಣು, ಮಣ್ಣಿಗಾಗಿ ಇಷ್ಟು ದೂರ ಏಕೆ ಬಂದೆ? ಇದ್ದಾನೆ ಎಂದಾದರೆ ಅವನು ನನ್ನ ಬಳಿ ಇದ್ದಾನೆ. ನನ್ನ ಕಣ್ಣೆದುರಿಗೆ ಇದ್ದಾನೆ. ಅವನನ್ನು ಕಳಿಸಿ ನಾನು ಈ ಡೇರೆಯಲ್ಲಿ ಯಾರ ಮುಖ ನೋಡಿಕೊಂಡು ಇರಲಿ?"

ಈ ಸಲ ಚಪ್ಪಾಳೆ ಅರ್ಧದಲ್ಲಿ ನಿಂತಿತು. ಕೊನೆಯ ಆ ವಾಕ್ಯ ನಾನು ಬರೆದುಕೊಟ್ಟ ಕಥೆಯ ವೀರನದಲ್ಲ ಎಂದು ಹಾಲಿಗೆ ಹಾಲೇ ಅರ್ಥಮಾಡಿಕೊಂಡಿತ್ತು. ಪ್ರಾಯಶಃ ಹೇಳಿದ ಮೇಲೆ ಐತಾಳರಿಗೂ.

ಹೊಳ್ಳರು ಸುಮ್ಮನಾದರು. ತಾಳಮದ್ದಳೆಯಲ್ಲಿ ಸುಮ್ಮನಾಗುವುದೆಂದರೆ ಸೋಲು. ಆಗ ನಮಗೆ ಆಗಿರುವ ಪ್ರಮಾದ ಹೊಳೆಯಿತು. ಈ ಪ್ರಸಂಗದಲ್ಲಿ ವೀರ ಸೋಲಬೇಕು. ಸೋತು ಹೆಣ ಕೊಡಬೇಕು. ಐತಾಳರು ಅಭ್ಯಾಸಬಲದಿಂದ ಗೆದ್ದು ಕೂತಿದ್ದರು. ಇಷ್ಟು ಚೆನ್ನಾಗಿ ಗೆದ್ದ ಮೇಲೆ ಯಾವ ಮುಖದಲ್ಲಿ ಕೊಡುವುದು?

ಉಪಾಧ್ಯರು ಹೆಣ ಒಪ್ಪಿಸುವ ಪದ್ಯವನ್ನು ಹಾಡಿದರು. ಐತಾಳರು ಬಾಯಿ ಬಿಡಲಿಲ್ಲ. ಉಪಾಧ್ಯರು ಜಾಗಟೆಗೆ ಒಂದು ಪೆಟ್ಟು ಕೊಟ್ಟು ಅದನ್ನೇ ಇನ್ನೊಮ್ಮೆ, ಸ್ವಲ್ಪ ವಿಳಂಬದಲ್ಲಿ ಹಾಡಿದರು. ಐತಾಳರು ನೆಲ ನೋಡುತ್ತಿದ್ದರು. ಮದ್ದಳೆಯವರು ಸುಮ್ಮನೆ ನುಡಿಸುತ್ತಾ ಹೊತ್ತು ಕಳೆದರು. ಪಕ್ಕದಲ್ಲಿದ್ದ ನನ್ನ ಮಗಳು ಮೆಲ್ಲಗೆ ಕೇಳಿದಳು:

"ಅಮ್ಮಾ, ಹೂ ಈಸ್ ವಿನ್ನಿಂಗ್?"

ಮದ್ದಳೆ ನಿಂತ ಮೇಲೆ ಹೊಳ್ಳರು ಮಾತಾಡಿದರು. ಅರ್ಥಕ್ಕೆ ಕೂತವರು ಮನೆಮಾತು ಆಡಬಾರದು, ಅದು ದೊಡ್ಡ ಲೋಪ. ನನ್ನ ಡೈರಿಯಲ್ಲಿ, ದೊರೆ "ಅವನ ತಾಯಿ ಕಾಯುತ್ತಿದ್ದಾಳೆ" ಎಂದ ಎಂದು ಬರೆದುಕೊಂಡಿದ್ದೇನೆ. ಅದು ಮನೆಗೆ ಬಂದು ತಿದ್ದಿ ಬರೆದ ವಾಕ್ಯವಿರಬೇಕು. ಕಿವಿಯಲ್ಲಿ ಉಳಿದಿರುವುದೇ ಬೇರೆ, ನಾನು ಕಿವಿಯನ್ನು ನಂಬುತ್ತೇನೆ. ಹೊಳ್ಳರು ಎದುರಿನ ಕುರ್ಚಿಯ ಕಡೆ ತಿರುಗಿ ಹೇಳಿದ್ದು ಇಷ್ಟು:

"ಅಮ್ಮ ಕಾಯ್ತಾ ಇತ್ತ್."

ಅದು ವಾದವೇ ಅಲ್ಲ. ಅದಕ್ಕೆ ಪ್ರತಿವಾದವೂ ಇಲ್ಲ. ಐತಾಳರು ತಲೆಯೆತ್ತಿ ಅವರನ್ನು ನೋಡಿದರು. ನನಗೆ ಗೊತ್ತಿದ್ದಂತೆ ಅವರು ಹೊಳ್ಳರ ಮುಖ ನೋಡಿ ಮಾತಾಡಿದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಹೊರಟ ಮಾತು ತಾಳಮದ್ದಳೆಯ ಕನ್ನಡವೇ ಆಗಿತ್ತು, ಆದರೆ ದನಿ ಬಹಳ ಸಣ್ಣದು.

"ಎಷ್ಟು ದಿನ ಬೇಕು, ದೊರೆಯೇ? ಹೋಗಿ, ಮಾಡಬೇಕಾದ್ದನ್ನು ಮಾಡಿ ಬರಲು? ಅಷ್ಟು ದಿನ ನನ್ನ ಕಡೆಯಿಂದ ಯುದ್ಧವಿಲ್ಲ."

ಹೊಳ್ಳರು, "ಅತ್ತು ಮುಗಿಯುವಷ್ಟು ದಿನ, ವೀರನೇ. ಮತ್ತೆ ಬೇಕಾದರೆ ಬಂದು ಯುದ್ಧ ಮುಂದುವರಿಸೋಣ" ಎಂದರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಳುತ್ತಿದ್ದವರೇ ನಕ್ಕದ್ದು. ಉಪಾಧ್ಯರು ಇನ್ನು ಒಂದು ಕ್ಷಣ ತಡಮಾಡಿದರೆ ಇಬ್ಬರಲ್ಲಿ ಯಾರಾದರೂ ಮತ್ತೆ ವಾದ ಶುರುಮಾಡಿಯಾರು ಎಂಬ ಹೆದರಿಕೆಯಿಂದ ಮಂಗಳ ಹಾಡಿಬಿಟ್ಟರು.

ಇಲ್ಲೊಂದು ಸಂಗತಿ ಹೇಳಬೇಕು. ಆ ಗ್ರೀಕ್ ಕಥೆಯಲ್ಲೂ ವೀರ ಕೊನೆಗೆ ಅದನ್ನೇ ಕೇಳುತ್ತಾನೆ, ಮಗನ ಕ್ರಿಯೆಗೆ ಎಷ್ಟು ದಿನ ಬೇಕು, ಅಷ್ಟು ದಿನ ಯುದ್ಧ ತಡೆದು ನಿಲ್ಲಿಸುತ್ತೇನೆ ಎಂದು. ಅದನ್ನು ನಾನು ಬರೆದುಕೊಟ್ಟಿರಲಿಲ್ಲ, ಮುಖ್ಯವಲ್ಲ ಎಂದು ಬಿಟ್ಟಿದ್ದೆ. ಉಪಾಧ್ಯರ ಪದ್ಯದಲ್ಲೂ ಇರಲಿಲ್ಲ. ಐತಾಳರು ಓದಿರುವ ಸಂಭವವೇ ಇಲ್ಲ. ನನ್ನ ನೆನಪಿನ ಬಗ್ಗೆ ನನಗೆ ಎಷ್ಟೇ ಅನುಮಾನವಿರಲಿ, ಈ ಒಂದರಲ್ಲಿ ಇಲ್ಲ. ಒಬ್ಬ ಹೋಟೆಲಿನವರು ತಮ್ಮ ಅಡುಗೆಯವರಿಗೆ ರಜೆ ಕೊಡುವಾಗ ಕೇಳುವ ಪ್ರಶ್ನೆ ಅದು. ಅಷ್ಟು ಹಳೆಯ ಕಾಲದಲ್ಲಿ ಆ ಕಾವ್ಯ ಕಟ್ಟಿದವರಿಗೆ ಮನುಷ್ಯ ಸೋಲುವ ರೀತಿ ಗೊತ್ತಿತ್ತು. ನನಗೆ ತರಗತಿಗೆ ಹೋಗಿಯೂ ಅದು ಮುಖ್ಯವೆನಿಸಿರಲಿಲ್ಲ.

ಎರಡು ವಾರದೊಳಗೆ ಹೊಳ್ಳರು ಊರಿಗೆ ಹೊರಟರು. ನಮ್ಮ ಕಾರಿನಲ್ಲೇ ಏರ್‌ಪೋರ್ಟಿಗೆ ಬಿಡಲು ಹೋದೆವು, ಐತಾಳರೂ ಬಂದಿದ್ದರು. ದಾರಿಯುದ್ದಕ್ಕೂ ಅಸ್ಥಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವರು ಅವರೇ. ಹೊಳ್ಳರು ಒಮ್ಮೆ ಕೈ ಚಾಚಿದರು. ಐತಾಳರು "ಇರ್ಲಿ" ಎಂದರು. ಪ್ರಯಾಣಿಕರನ್ನು ಮಾತ್ರ ಒಳಗೆ ಬಿಡುವ ಬಾಗಿಲು ಬಂದಾಗ ಐತಾಳರು ನಿಂತು, ಚೀಲವನ್ನು ತಾವೇ ಎತ್ತಿ ಹೊಳ್ಳರ ಹೆಗಲಿಗೆ ಹಾಕಿ, ಪಟ್ಟಿ ಬಿಗಿಮಾಡಿ, ಅದು ಸರಿಯಾಗಿ ಕೂತಿತೇ ಎಂದು ಒಮ್ಮೆ ತಟ್ಟಿ ನೋಡಿದರು.

ಹೋಟೆಲ್ ಮುಚ್ಚಲಿಲ್ಲ. ಆ ದಿನಗಳಲ್ಲಿ ಐತಾಳರೇ ಕಿಂಡಿಯ ಒಳಗೂ ಹೊರಗೂ ಓಡಾಡುತ್ತಾ ಅಡುಗೆ ಮಾಡಿದರು. ಶನಿವಾರ ನಾವು ಹೋದಾಗ ಅವರ ಅಂಗಿಯ ತುಂಬ ಅರಿಸಿನದ ಕಲೆ. ಸಾಂಬಾರು ಬಾಯಿಗಿಡುವಂತಿರಲಿಲ್ಲ. ನಾನು ಯಜಮಾನರಿಗೆ ಕಣ್ಣಿನಲ್ಲೇ ಸುಮ್ಮನಿರಿ ಎಂದೆ. ಅಂಥ ಸನ್ನೆಗಳು ಮೈಸೂರಿನವರಿಗೆ ತಿಳಿಯುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ಅವರು, "ಐತಾಳ್ರೇ, ಸಾಂಬಾರಿಗೆ ಏನಾಗಿದೆ ಇವತ್ತು?" ಎಂದು ಕೇಳಿಯೇ ಬಿಟ್ಟರು.

ಒಂದು ವಾದಕ್ಕೆ ನಾನು ಸಿದ್ಧಳಾದೆ. ಐತಾಳರು ಸೌಟನ್ನು ಬಕೆಟ್ಟಿಗೆ ಇಳಿಸಿ, ಯಜಮಾನರ ಬಟ್ಟಲಿಗೆ ಇನ್ನಷ್ಟು ಬಡಿಸಿದರು.

"ಲಾಯ್ಕ್ ಆಯಿಲ್ಲೆ, ಗೊತ್ತಿತ್ತ್" ಎಂದರು. "ನಾನೇ ಮಾಡಿದ್ದ್. ಭಾವ ಬಪ್ಪಲ್ಲಿವರೆಗೆ ಇದನ್ನೇ ಉಣ್ಣುದ್."